ಎರಡು ಸೀಟಿನ ಕಾರು: ಕಾಸಿಗೆ ತಕ್ಕ ಕಜ್ಜಾಯವೇ?



ಕಳೆದ ಯುಗಾದಿ ಕಾರ್ಯಕ್ರಮದ ದಿನ ಹೋಳಿಗೆ ಊಟ ಮುಗಿಸಿ ಪಾರ್ಕಿಂಗ್ ಲಾಟಿಗೆ ಬಂದಾಗ, ಎರಡು ದೊಡ್ಡ ವ್ಯಾನುಗಳ ನಡುವೆ ಅಮ್ಮನ ಸೆರಗು ಹಿಡಿದ ಮಗುವಿನಂತೆ ಒಂದು ಸ್ಮಾರ್ಟ್ ಕಾರು ನಿಂತಿದ್ದುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. "ಇದರ ಉಳಿದರ್ಧ ಎಲ್ಲಿ ಹೋಯ್ತು?" ಎಂದು ಹಿರಿಯರೊಬ್ಬರು ಕೇಳಿದರು. ಅದು ನನ್ನ ಮಗಳು ಗೆಳತಿಯಿಂದ ಒಂದು ದಿನಕ್ಕೆ ಕೇಳಿ ತಂದ ಬಂಡಿ. ಅಂಥದೇ ಒಂದು ಹಳೆಯ ಎಲೆಕ್ಟ್ರಿಕ್ ಕಾರು ಕೊಳ್ಳಬೇಕೆಂಬ ಆಸೆ ಅವಳದು. ಕೂಡದೆಂಬ ಹಟ ನನ್ನದು. ಜಗಳಕ್ಕೆ ಮುಂಚೆ ಲೆಕ್ಕ ನೋಡೋಣವೆಂದು ಕುಳಿತೆ. ಆ ಲೆಕ್ಕವೇ ಈ ಲೇಖನ.

ಮೊದಲು ಕಾರಿನ ಜಾತಕ. ಸ್ಮಾರ್ಟ್ ಫೋರ್‌ಟು ಅಮೆರಿಕದ ಮಾರುಕಟ್ಟೆಗೆ ಬಂದದ್ದು 2008ರ ಜನವರಿಯಲ್ಲಿ. ಉದ್ದ ಒಂಬತ್ತು ಅಡಿಗೂ ಕಡಿಮೆ, ಮೂರು ಸಿಲಿಂಡರಿನ 70 ಅಶ್ವಶಕ್ತಿಯ ಎಂಜಿನ್, ಆರಂಭದ ಬೆಲೆ 11,590 ಡಾಲರು. ಅದೇ ವರ್ಷ ಐದು ಸೀಟಿನ ಹೋಂಡಾ ಫಿಟ್ ಸುಮಾರು 14,000 ಡಾಲರಿಗೆ ಸಿಗುತ್ತಿತ್ತು. ಸೀಟಿನ ಲೆಕ್ಕ ಹಾಕಿದರೆ ಸ್ಮಾರ್ಟ್‌ನಲ್ಲಿ ಒಬ್ಬರು ಕೂರಲು 5,795 ಡಾಲರು, ಹೋಂಡಾದಲ್ಲಿ ಸುಮಾರು 2,800!

ಪೆಟ್ರೋಲಿನಲ್ಲಿ ಉಳಿಯುವುದಿಲ್ಲವೇ ಎನ್ನುತ್ತೀರಿ. ಸರ್ಕಾರಿ ಅಂದಾಜಿನಂತೆ ಗ್ಯಾಲನ್ನಿಗೆ ಸ್ಮಾರ್ಟ್ 36 ಮೈಲಿ, ಫಿಟ್ 31 ಮೈಲಿ. ಆದರೆ ನಮ್ಮ ಪುಟ್ಟ ಅಳಿಯದೇವರಿಗೆ ದುಬಾರಿ ಪ್ರೀಮಿಯಮ್ ಪೆಟ್ರೋಲೇ ಆಗಬೇಕು. ಸಾಧಾರಣ ಪೆಟ್ರೋಲಿಗೆ 4 ಡಾಲರು, ಪ್ರೀಮಿಯಮ್ಮಿಗೆ 4.20 ಎಂದಿಟ್ಟುಕೊಂಡರೆ, ವರ್ಷಕ್ಕೆ ಹತ್ತು ಸಾವಿರ ಮೈಲಿ ಓಡಿಸಿದವರಿಗೆ ಉಳಿಯುವುದು ಸುಮಾರು 125 ಡಾಲರು. ಇದಕ್ಕಾಗಿ ಮೂರು ಸೀಟು ಬಿಟ್ಟುಕೊಡಬೇಕೆ? ಬೇ ಬ್ರಿಜ್ಜಿನ ಟೋಲು ಕೇಳುವುದು ಆಕ್ಸಲ್ ಎಷ್ಟು ಎಂದು, ಉದ್ದ ಎಷ್ಟು ಎಂದಲ್ಲ. ಯುರೋಪಿನಲ್ಲಿ ಮಾಡುವಂತೆ ಫುಟ್‌ಪಾತಿಗೆ ಮೂತಿಯಿಟ್ಟು ಅಡ್ಡಡ್ಡ ನಿಲ್ಲಿಸೋಣವೆಂದರೆ ಕ್ಯಾಲಿಫೋರ್ನಿಯಾ ಕಾನೂನು ಒಪ್ಪದು. ರಸ್ತೆಗುಂಟ ನಿಲ್ಲಿಸಿ ಮೀಟರಿಗೆ ಪೂರ್ತಿ ಹಣವನ್ನೇ ಹಾಕಬೇಕು. ಒಂದೇ ಒಂದು ಲಾಭವಿತ್ತು: ಮೂವರಿದ್ದರೆ ಮಾತ್ರ ಕಾರ್‌ಪೂಲ್ ಎನಿಸುವ ಕಡೆ, ಎರಡು ಸೀಟಿನ ಕಾರಿನಲ್ಲಿ ಇಬ್ಬರಿದ್ದರೂ ಆಗ ಸಾಕಾಗಿತ್ತು.

ಇನ್ನು ಎಲೆಕ್ಟ್ರಿಕ್ ಸ್ಮಾರ್ಟ್. 2017ರಿಂದ ಮುಂದೆ ಬಂದ ಮಾದರಿ ಪೂರ್ತಿ ಚಾರ್ಜಿಗೆ ಓಡುವುದು 58 ಮೈಲಿ. ಹೊಸದಾಗಿದ್ದಾಗ ಬೆಲೆ ಸುಮಾರು 24,000 ಡಾಲರು. 2018ರ ನಿಸಾನ್ ಲೀಫ್ ಸುಮಾರು 30,000 ಡಾಲರಿಗೆ 151 ಮೈಲಿ ಓಡುತ್ತಿತ್ತು. ಡ್ಯಾನ್‌ವಿಲ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಬರಲು ಅರವತ್ತು ಮೈಲಿ ಮೀರುತ್ತದೆ. ಅಂದರೆ ಹೋಗಬಹುದು, ಚಾರ್ಜು ಮಾಡದೆ ಬರಲಾಗದು. 2019ರಲ್ಲಿ ಕಂಪೆನಿ ಅಮೆರಿಕದಲ್ಲಿ ಮಾರಾಟವನ್ನೇ ನಿಲ್ಲಿಸಿದ್ದರಲ್ಲಿ ಆಶ್ಚರ್ಯವೇನು?

ಅಂದಹಾಗೆ, ಈ ವಿಷಯದಲ್ಲಿ ನಮ್ಮ ಬೆಂಗಳೂರು ಮುಂದಿತ್ತು. ಮೈನಿ ಸಮೂಹವೂ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪೆನಿಯೂ ಸೇರಿ 1994ರಲ್ಲಿ ಶುರುಮಾಡಿದ ಯತ್ನದಿಂದ 2001ರಲ್ಲಿ ರೇವಾ ರಸ್ತೆಗಿಳಿಯಿತು. ಅದರ ಹಿಂದಿದ್ದ ಚೇತನ್ ಮೈನಿ ನಮ್ಮ ನೆರೆಯ ಸ್ಟ್ಯಾನ್‌ಫರ್ಡಿನಲ್ಲಿ ಓದಿದವರು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರು. ನಾನದನ್ನು ಮೊದಲು ನೋಡಿದ್ದು ಜಯನಗರದಲ್ಲಿ, ಹೆಮ್ಮೆಯಿಂದ. ಆದರೆ ಅದಕ್ಕೆ ಮಾರುತಿ 800ಕ್ಕಿಂತ ಹೆಚ್ಚು ಬೆಲೆ. ಸಾಲದ್ದಕ್ಕೆ, ಸೀಸದ ಬ್ಯಾಟರಿಗಳನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸುವ ಖರ್ಚು. ನಮ್ಮವರು ಮಾರುತಿಯನ್ನೇ ಕೊಂಡರು.

ಅದೇ ರೇವಾ ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಸುಮಾರು 8,000 ಪೌಂಡಿಗೆ ಮಾರಾಟವಾಯಿತು. ಅಲ್ಲಿ ನಗರದ ನಡುವಿಗೆ ಕಾರು ತಂದರೆ 2005ರಿಂದ ಕೆಲವು ವರ್ಷ ದಿನಕ್ಕೆ 8 ಪೌಂಡ್ ಶುಲ್ಕವಿತ್ತು. ಎಲೆಕ್ಟ್ರಿಕ್ ಕಾರಿಗೆ ಆಗ ಮಾಫಿಯಿತ್ತು. ವರ್ಷಕ್ಕೆ 250 ದಿನ ಹೋಗುವವರಿಗೆ 2,000 ಪೌಂಡ್ ಉಳಿತಾಯ. ನಾಲ್ಕೇ ವರ್ಷದಲ್ಲಿ ಕಾರಿನ ದುಡ್ಡು ಹುಟ್ಟಿತು! ಕಾರು ಒಂದೇ, ಬೆಂಗಳೂರಿನಲ್ಲಿ ದುಬಾರಿ, ಲಂಡನ್ನಿನಲ್ಲಿ ಅಗ್ಗ. ಚಿಕ್ಕ ಕಾರಿನ ಯೋಗ್ಯತೆ ನಿಶ್ಚಯಿಸುವುದು ಕಾರಲ್ಲ, ಊರು.

ಇಷ್ಟಾದರೂ ನನ್ನ ನಿಜವಾದ ಅಳುಕು ದುಡ್ಡಿನದಲ್ಲ. ರೆಸಿಡೆನ್ಸಿಯ ರಾತ್ರಿಗಳಲ್ಲಿ ಅಪಘಾತದ ರೋಗಿಗಳನ್ನು ನೋಡಿದವನು ನಾನು. ಬೆಲ್ಟು ಎದೆಗೂಡನ್ನು ಹಿಡಿದು ನಿಲ್ಲಿಸಬಹುದು. ಒಳಗಿನ ಮಹಾಪಧಮನಿ, ಕಪಾಲದೊಳಗಿನ ಮಿದುಳು ಮುಂದಕ್ಕೆ ಸಾಗುತ್ತಲೇ ಇರುತ್ತವೆ. ಎರಡು ಕಾರು ಎದುರುಬದರು ಡಿಕ್ಕಿಯಾದಾಗ, ಅರ್ಧ ತೂಕದ್ದರ ವೇಗ ಎರಡರಷ್ಟು ಬದಲಾಗುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2008ರ ಪರೀಕ್ಷೆಗಳಲ್ಲಿ ಸ್ಮಾರ್ಟ್‌ಗೆ ಉತ್ತಮ ಅಂಕ ಕೊಟ್ಟಿತ್ತು. ಆದರೆ 2009ರಲ್ಲಿ ಸುಮಾರು ಎರಡು ಪಟ್ಟು ತೂಕದ ಮರ್ಸಿಡಿಸ್ ಸಿ-ಕ್ಲಾಸಿಗೆ ಎದುರಾಗಿ ಗುದ್ದಿಸಿದಾಗ ಸ್ಮಾರ್ಟ್ ನೆಲಬಿಟ್ಟೆದ್ದು ಗಿರಗಿರನೆ ತಿರುಗಿತು, ಫಲಿತಾಂಶ ಕಳಪೆ.

ಇದನ್ನೆಲ್ಲ ಮಗಳಿಗೆ ವಿವರಿಸಿದೆ. ಸುಮ್ಮನೆ ಕೇಳಿಸಿಕೊಂಡು ಅವಳೆಂದಳು: "ಅಪ್ಪಾ, ಗೋಡೆಗೆ ಗುದ್ದಿದರೆ ಪಾಸು, ದೊಡ್ಡ ಕಾರಿಗೆ ಗುದ್ದಿದರೆ ಫೇಲು. ಆ ದೊಡ್ಡ ಕಾರು ಯಾರದು? ನಿಮ್ಮಂಥವರದೇ ಅಲ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ಮಕ್ಕಳು ಮನೆ ಬಿಟ್ಟು ವರ್ಷಗಳಾದರೂ ನಾನಿನ್ನೂ ಏಳು ಸೀಟಿನ ಬಂಡಿಯಲ್ಲಿ ಒಬ್ಬನೇ ಕೂತು 680ರಲ್ಲಿ ಆಸ್ಪತ್ರೆಗೆ ಹೋಗುತ್ತೇನೆ. ಎರಡು ಸೀಟಿಗೆ ಅಷ್ಟು ದುಡ್ಡೇ ಎಂದು ಕೇಳಿದವನು, ಖಾಲಿ ಓಡುವ ಆರು ಸೀಟಿನ ಲೆಕ್ಕ ಎಂದೂ ಕೇಳಿರಲಿಲ್ಲ. ಮೈಸೂರಿನಲ್ಲಿ ಅಪ್ಪನ ಬಜಾಜ್ ಸ್ಕೂಟರಿನಲ್ಲಿ ನಾಲ್ವರು ಹೋಗುತ್ತಿದ್ದೆವು. ನಾನು ಮುಂದೆ ನಿಂತು ಹಾರ್ನ್ ಒತ್ತುತ್ತಿದ್ದೆ. ಅದು ಕ್ಷೇಮವಾಗಿತ್ತೆಂದು ವೈದ್ಯನಾಗಿ ಹೇಳಲಾರೆ. ಆದರೆ ನಮ್ಮನ್ನು ನುಜ್ಜುಗುಜ್ಜು ಮಾಡುವಂಥ ಬಂಡಿಯಲ್ಲಿ ನೆರೆಯವರಾರೂ ಓಡಾಡುತ್ತಿರಲಿಲ್ಲ.

ಹಾಗಾಗಿ ನನ್ನ ತೀರ್ಪು ಇಷ್ಟು. ಹೊಸದಾಗಿದ್ದಾಗ ಆ ಬೆಲೆಗೆ ಇದು ತಕ್ಕದ್ದಾಗಿರಲಿಲ್ಲ. ಮನೆಗೆ ಒಂದೇ ಕಾರು ಎನ್ನುವವರಿಗೆ, ಮಕ್ಕಳಿರುವವರಿಗೆ, ದಿನವೂ 680 ಹಿಡಿಯುವವರಿಗೆ ಬೇಡ. ಪಟ್ಟಣದೊಳಗೇ ಇದ್ದು ನಿಧಾನವಾಗಿ ನಾಲ್ಕಾರು ಮೈಲಿ ಓಡಾಡುವವರು, ಚಾರ್ಜಿಗೆ ಜಾಗವಿದ್ದು, ಬ್ಯಾಟರಿ ಪರೀಕ್ಷಿಸಿ, ಹಳೆಯದನ್ನು ಅಗ್ಗಕ್ಕೆ ಕೊಂಡರೆ ಅಡ್ಡಿಯಿಲ್ಲ. ಮಗಳು ಒಪ್ಪಿದ ಕರಾರು: ಕಾರು ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಇರಬೇಕು. ವಾರಾಂತ್ಯಕ್ಕೆ ಬಾರ್ಟ್ ಹಿಡಿದು ವಾಲ್‌ನಟ್ ಕ್ರೀಕಿಗೆ ಬಂದರೆ ನಾನು ಹೋಗಿ ಕರೆತರುವುದು.

ನನ್ನ ಕಡೆಯ ಕರಾರನ್ನು ಅವಳು ಕೇಳಿಲ್ಲ. ಆದರೂ ಏಳು ಸೀಟಿನ ಬಂಡಿ ಮಾರಾಟಕ್ಕಿದೆ. ಮಕ್ಕಳು, ಅಜ್ಜಿ ತಾತ ಕೂಡಿರುವ ಮನೆಯವರಿಗೆ ಮಾತ್ರ. ಏನಂತೀರಿ?