ಮಡಿಕೇರಿಯ ಎರಡು ಮಳೆ
2006ರ ‘ಮುಂಗಾರು ಮಳೆ’ ಈಗಲೂ ನನಗಿಷ್ಟ. ಆದ್ರೆ ಒಂದು ತಕರಾರಿದೆ. ಕಥೆ ನಡೆಯೋದು ಮಡಿಕೇರಿಯಲ್ಲಿ. ಯೋಗರಾಜ್ ಭಟ್ಟರ ಮಳೆ ಸುರಿಯೋದೆಲ್ಲ ಪ್ರೇಮಿಯ ಮನಸ್ಸಿನ ಮೇಲೆ. ಗುಡ್ಡದ ಮೇಲೆ ಸುರಿಯುವ ಮಳೆ ಬೇರೆ. 2018ರ ಆಗಸ್ಟ್‌ನಲ್ಲಿ ಅದು ಮಡಿಕೇರಿ ಸುತ್ತಲಿನ ಮಕ್ಕಂದೂರು, ಜೋಡುಪಾಲದ ಗುಡ್ಡಗಳನ್ನೇ ಕೆಳಗಿಳಿಸಿತು. ಮರುವರ್ಷ ತೋರ, 2020ರಲ್ಲಿ ತಲಕಾವೇರಿ. ನೀರು ಕುಡಿದ ಮಣ್ಣು ಭಾರವಾಗಿ ಹಿಡಿತ ಬಿಡುತ್ತೆ. ರಸ್ತೆಗೋ ಹೋಂಸ್ಟೇಗೋ ಗುಡ್ಡದ ಬುಡ ಕೊರೆದಿದ್ದರೆ ಇನ್ನೂ ಬೇಗ.

ಆ ಸಿನಿಮಾ ಭವಿಷ್ಯ ಹೇಳಬೇಕಿತ್ತು ಅಂತ ನಾನೇನೂ ಹೇಳ್ತಿಲ್ಲ. ಇಷ್ಟೆಲ್ಲ ಆದಮೇಲೂ ನಮ್ಮ ವೀಕೆಂಡ್ ರೀಲ್ಸ್ ಅದೇ ಕಣ್ಣಲ್ಲಿ ಮಳೆ ನೋಡ್ತಿವೆಯಲ್ಲ, ತಕರಾರು ಅದಕ್ಕೆ. ಬರೆಯ ಕೆಳಗೆ ಮನೆಯಿರುವವರಿಗೆ ಆ ಮಳೆ ಅಂದ್ರೆ ನಿದ್ದೆಯಿಲ್ಲದ ರಾತ್ರಿ. ರೂಮ್ ಬುಕ್ ಮಾಡೋ ಮೊದಲು ಕೇಳಿ: ಈ ವ್ಯೂಗೆ ಯಾವ ಗುಡ್ಡ ಕಡಿದ್ರಿ?