ನೀರೊಳಗಣ ಮೀನು: ಅರ್ಥಶಾಸ್ತ್ರದ ಒಂದು ಉಪಮೆಯ ವಿಚಾರ

ಸಭೆಗಳಲ್ಲಿ ಅಧಿಕಾರಿವರ್ಗದ ಲಂಚಕೋರತನದ ಪ್ರಸ್ತಾಪ ಬಂದೊಡನೆಯೇ ಕೌಟಿಲ್ಯನ ಮೀನಿನ ಉಪಮೆಯನ್ನು ಹೇಳಿ ನಿಟ್ಟುಸಿರು ಬಿಡುವುದು ವಾಡಿಕೆಯಾಗಿದೆ. ನೀರಿನಲ್ಲಿ ಸಂಚರಿಸುವ ಮೀನು ಯಾವ ಕ್ಷಣದಲ್ಲಿ ನೀರು ಕುಡಿಯಿತೆಂದು ಹೇಗೆ ತಿಳಿಯದೋ, ಹಾಗೆಯೇ ಕಾರ್ಯನಿಯುಕ್ತನು ಧನವನ್ನು ಅಪಹರಿಸುವುದೂ ತಿಳಿಯದೆಂಬುದು ಅದರ ಭಾವ. ಪ್ರಾಚೀನರೇ ಕೈಚೆಲ್ಲಿದರು, ಇನ್ನು ನಮ್ಮ ಕಾಯಿದೆಗಳು ಏನು ಮಾಡಿಯಾವು ಎಂಬುದು ಭಾಷಣಕಾರರು ತೆಗೆಯುವ ತಾತ್ಪರ್ಯ. ಪಾಠ ಹೇಳುವವರೂ ಇದನ್ನೇ ಅನುಸರಿಸುತ್ತಿರುವುದರಿಂದ ಈ ವಿಚಾರವನ್ನು ವಿದ್ವಜ್ಜನರ ಮುಂದಿಡಬೇಕಾಯಿತು. ಈ ತಾತ್ಪರ್ಯವು ಮೂಲಕ್ಕೆ ವಿರುದ್ಧವಾದುದು. ಆದರೆ ಕೌಟಿಲ್ಯನ ಪಕ್ಷಪಾತಿಗಳಾದ ನಾವು ಸಂಸ್ಕೃತಪಂಡಿತರೂ ಅದೇ ಗ್ರಂಥದ ಮತ್ತೊಂದು ಪ್ರಕರಣವನ್ನು ಮರೆಮಾಡುತ್ತ ಬಂದಿದ್ದೇವೆ. ಅದನ್ನೂ ಇಲ್ಲಿಯೇ ಹೇಳತಕ್ಕದ್ದು.

ಈ ಗ್ರಂಥವನ್ನು ಲೋಕಕ್ಕೆ ಕೊಟ್ಟ ಕೀರ್ತಿ ಮೈಸೂರಿನದು. 1905ರಲ್ಲಿ ತಂಜಾವೂರು ಪ್ರಾಂತದ ಪಂಡಿತರೊಬ್ಬರಿಂದ ಬಂದ ತಾಳೆಯೋಲೆಯ ಪ್ರತಿಯನ್ನು ಓರಿಯಂಟಲ್ ಲೈಬ್ರರಿಯಲ್ಲಿ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಅಂದಿನಿಂದ ಗ್ರಂಥದ ಹೆಸರು ಬೆಳೆಯಿತು. ಓದು ಅಷ್ಟಾಗಿ ಬೆಳೆಯಲಿಲ್ಲ.

ಉಪಮೆಯಿರುವುದು ಎರಡನೆಯ ಅಧಿಕರಣದ ಒಂಬತ್ತನೆಯ ಅಧ್ಯಾಯದ ಕೊನೆಯ ಶ್ಲೋಕಗಳಲ್ಲಿ. ಹಿಂದುಮುಂದುಗಳನ್ನು ನೋಡದೆ ಅದನ್ನೊಂದನ್ನೇ ಕಿತ್ತುಕೊಂಡುದೇ ದೋಷ. ಮುಂದೆ ಬರುವ ಶ್ಲೋಕವೊಂದು, ಕೊಬ್ಬಿದವರಿಂದ ಹೀರಿದ್ದನ್ನು ಹೊರಡಿಸಿ ಅವರನ್ನು ಬೇರೆ ಕೆಲಸಗಳಿಗೆ ಬದಲಾಯಿಸಬೇಕೆಂದು ವಿಧಿಸುತ್ತದೆ. ಅದಕ್ಕೂ ಮುಂದೆ, ನ್ಯಾಯದಿಂದ ಅರ್ಥವನ್ನು ವೃದ್ಧಿಪಡಿಸಿದವರನ್ನು ಸ್ಥಿರಾಧಿಕಾರಿಗಳನ್ನಾಗಿ ಮಾಡತಕ್ಕದ್ದೆಂಬ ವಿಧಿಯಿದೆ. ಅದೇ ಅಧ್ಯಾಯದಲ್ಲಿ ಉಪಮೆಗೆ ಮೊದಲು, ಪ್ರತಿಯೊಂದು ಅಧಿಕರಣವೂ ಅನೇಕ ಮುಖ್ಯರುಳ್ಳದ್ದಾಗಿಯೂ ಅನಿತ್ಯವಾಗಿಯೂ ಇರಬೇಕೆಂದು ಹೇಳಿದೆ. ಎಂದಮೇಲೆ ಮೀನಿನ ಮಾತು ಉಪಸಂಹಾರವಲ್ಲ, ಹೇತು. ಕಣ್ಣಿನಿಂದ ಕಾಣುವುದು ಅಶಕ್ಯವಾದುದರಿಂದ ಲೆಕ್ಕದಿಂದ ಕಾಣಬೇಕೆಂಬುದು ಆಚಾರ್ಯನ ಆಶಯ.

ಇದರ ಹಿಂದಿನ ಅಧ್ಯಾಯವನ್ನು ಓದಿದವರಿಗೆ ಈ ಆಶಯದಲ್ಲಿ ಸಂದೇಹವೇ ಹುಟ್ಟದು. ಅಲ್ಲಿ ಅಪಹರಣದ ನಲವತ್ತು ಉಪಾಯಗಳನ್ನು ಎಣಿಸಿದೆ. ಮೊದಲು ಬಂದುದನ್ನು ತಡವಾಗಿ ಬರೆಯುವುದು, ಸ್ವಲ್ಪ ಬಂದುದನ್ನು ಬಹಳವೆಂದು ತೋರಿಸುವುದು, ಒಂದೆಡೆಯಿಂದ ಬಂದುದನ್ನು ಮತ್ತೊಂದೆಡೆಯದೆಂದು ಕಾಣಿಸುವುದು ಮೊದಲಾದ ಇವು ಕಾವ್ಯಾಲಂಕಾರಗಳಂತೆ ಸೂಕ್ಷ್ಮಭೇದಗಳುಳ್ಳವು. ಸಂದೇಹ ಬಂದಾಗ ಸಂಗ್ರಹಿಸಿದವನು, ಬರೆದವನು, ಪಡೆದವನು, ಕೊಟ್ಟವನು, ಕೊಡಿಸಿದವನು, ಮಂತ್ರಿಯ ಸಹಾಯಕ, ಇವರೆಲ್ಲರನ್ನೂ ಒಬ್ಬೊಬ್ಬರನ್ನಾಗಿ ಪ್ರಶ್ನಿಸಬೇಕು. ಇಂಥ ಅಧಿಕಾರಿಯಿಂದ ಪೀಡಿತರಾದವರು ಬಂದು ತಿಳಿಸಿರೆಂದು ಊರಲ್ಲಿ ಸಾರಿಸಬೇಕು. ಅವರ ನಷ್ಟವನ್ನು ತುಂಬಿಕೊಡಬೇಕು. ಸುಳಿವು ಕೊಟ್ಟವನಿಗೆ, ಆರೋಪವು ಸಿದ್ಧಪಟ್ಟರೆ, ಆರನೆಯ ಒಂದು ಪಾಲು. ಆತನು ಅಧಿಕಾರಿಯ ಭೃತ್ಯನಾಗಿದ್ದರೆ ಹನ್ನೆರಡನೆಯ ಒಂದು ಪಾಲು. ಇಷ್ಟನ್ನು ಬರೆದವನು ನಿರಾಶನಾಗಿದ್ದನೆಂದು ಹೇಳುವುದು ಹೇಗೆ?

ಈ ದೃಷ್ಟಿಯಿಂದ ನೋಡಿದರೆ ನಮ್ಮ ಕಾಲದ ಶಾಸನಗಳು ಕೌಟಿಲ್ಯನಿಗೆ ಅಪರಿಚಿತವಲ್ಲ. 1984ರ ಕರ್ನಾಟಕ ಲೋಕಾಯುಕ್ತ ಕಾಯಿದೆಯು ಶಾಸಕರೇ ಮೊದಲಾದವರು ಪ್ರತಿ ವರ್ಷ ಆಸ್ತಿಯ ವಿವರವನ್ನು ಒಪ್ಪಿಸಬೇಕೆನ್ನುತ್ತದೆ; ಆಷಾಢದಲ್ಲಿ ಗಣಕರೆಲ್ಲರೂ ಲೆಕ್ಕದೊಡನೆ ಬರಬೇಕೆಂಬ ವಿಧಿಯ ನೆನಪಾಗದಿರದು. ಗಣಿಗಾರಿಕೆಯ ವಿಷಯದಲ್ಲಿ 2011ರ ಜುಲೈನಲ್ಲಿ ಬಂದ ಲೋಕಾಯುಕ್ತರ ವರದಿಯ ತರುವಾಯ ಮುಖ್ಯಮಂತ್ರಿಗಳೇ ಪದತ್ಯಾಗ ಮಾಡಬೇಕಾಯಿತು. 2016ರ ಮಾರ್ಚಿಯಲ್ಲಿ ಸರಕಾರದ ಅಧೀನದಲ್ಲಿಯೇ ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿ ಲೋಕಾಯುಕ್ತದ ಪೊಲೀಸು ಬಲವನ್ನು ಕುಂದಿಸಲಾಯಿತು. ಪರೀಕ್ಷಕನು ಪರೀಕ್ಷ್ಯನ ಕೈಕೆಳಗಿರಬಾರದೆಂಬ ನ್ಯಾಯಕ್ಕೆ ಇದು ವಿರುದ್ಧ. ಉಚ್ಚ ನ್ಯಾಯಾಲಯವು 2022ರ ಆಗಸ್ಟ್ 11ರಂದು ಆ ದಳವನ್ನು ರದ್ದುಪಡಿಸಿತು.

ಇಷ್ಟಕ್ಕೆ ನಿಲ್ಲಿಸಿದರೆ ಲೇಖನವು ಆಚಾರ್ಯನ ಸ್ತೋತ್ರವಾದೀತು. ಆದರೆ ಐದನೆಯ ಅಧಿಕರಣದ ಎರಡನೆಯ ಅಧ್ಯಾಯವನ್ನು, ಎಂದರೆ ಬರಿದಾದ ಬೊಕ್ಕಸವನ್ನು ತುಂಬುವ ಪ್ರಕರಣವನ್ನು, ತೆರೆಯಬೇಕು. ಇಲ್ಲಿ ಮೆಣಸೆಯಲ್ಲಿ ವಿದ್ಯಾರ್ಥಿಗಳೊಡನೆ ಅದನ್ನು ಓದುವಾಗ ವ್ಯಾಖ್ಯಾನಿಸುವ ನಾಲಗೆ ತಡವರಿಸುತ್ತದೆ. ರಾಜನು ಯಾವುದೋ ಕಾರ್ಯದ ನೆಪದಿಂದ ಪೌರಜಾನಪದರನ್ನು ಬೇಡಬೇಕು. ಆತನ ಗೂಢಪುರುಷರು ಮೊದಲು ತಾವೇ ಹೇರಳವಾಗಿ ಕೊಟ್ಟು ತೋರಿಸಬೇಕು. ಕಡಮೆ ಕೊಟ್ಟವರನ್ನು ಕಪಟಿಗಳು ಹಳಿಯಬೇಕು. ಹೊನ್ನು ಕೊಟ್ಟವರಿಗೆ ಸ್ಥಾನ, ಛತ್ರ, ರುಮಾಲು, ಆಭರಣಗಳನ್ನು ದಯಪಾಲಿಸಬೇಕು. ದೇವತೆಯ ಸುಳ್ಳು ಮಹಿಮೆಯನ್ನು ತೋರಿಸಿ ಯಾತ್ರಿಕರಿಂದ ಹಣವೆತ್ತುವ ಉಪಾಯವೂ ಅಲ್ಲಿದೆ. ಇಲ್ಲಿ ನೀರು ಕುಡಿಯುವ ಮೀನು ರಾಜನೇ. ಆತನ ಲೆಕ್ಕವನ್ನು ನೋಡುವವರು ಗ್ರಂಥದಲ್ಲಿ ಯಾರೂ ಇಲ್ಲ. ಒಮ್ಮೆ ಮಾತ್ರ ಪ್ರಯೋಗಿಸತಕ್ಕದ್ದು, ಎರಡನೆಯ ಸಲ ಕೂಡದು ಎಂಬ ಎಚ್ಚರಿಕೆಯೂ ಅಲ್ಲಿದೆ.

ಪ್ರಭುವಾಗಬಯಸುವವನ ಲೆಕ್ಕವನ್ನು ಪ್ರಜೆ ಕೇಳುವುದೆಂಬ ವಿಷಯವು ನಮ್ಮ ಕಾಲದ ಶಾಸನದ ನಿಜವಾದ ಹೊಸತನ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯಂತೆ ಅಭ್ಯರ್ಥಿಯು ಫಲಿತಾಂಶದಿಂದ 30 ದಿನಗಳೊಳಗೆ ವೆಚ್ಚದ ಲೆಕ್ಕವನ್ನು ಒಪ್ಪಿಸಬೇಕು. 2023ರಲ್ಲಿ ನಮ್ಮ ಶೃಂಗೇರಿ ವಿಧಾನಸಭಾ ಕ್ಷೇತ್ರದ ಅಭ್ಯರ್ಥಿಗೂ ಮಿತಿ 40 ಲಕ್ಷ ರೂಪಾಯಿಗಳೇ. ಆದರೆ ಪಕ್ಷದ ವೆಚ್ಚಕ್ಕೆ ಮಿತಿಯಿಲ್ಲ. ಪಕ್ಷವು ಅಭ್ಯರ್ಥಿಗಾಗಿ ಮಾಡಿದ ವೆಚ್ಚವೂ ಅವನದೇ ಎಂದು ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ತೀರ್ಪಿತ್ತಾಗ, ಅದೇ ವರ್ಷ ಶಾಸನವನ್ನೇ ತಿದ್ದಿ ಆ ಅರ್ಥವನ್ನು ತಪ್ಪಿಸಲಾಯಿತು. ನಲವತ್ತು ಉಪಾಯಗಳಲ್ಲಿ ಇದು ಎಷ್ಟನೆಯದೆಂದು ವಾಚಕರೇ ಊಹಿಸಿಕೊಳ್ಳಲಿ.

2018ರ ಜನವರಿಯಲ್ಲಿ ಪ್ರಕಟವಾದ ಚುನಾವಣಾ ಬಾಂಡಿನ ಯೋಜನೆಯಾದರೋ ಐದನೆಯ ಅಧಿಕರಣಕ್ಕೆ ಬರೆದ ಭಾಷ್ಯದಂತಿತ್ತು. ಸಾವಿರದಿಂದ ಕೋಟಿ ರೂಪಾಯಿವರೆಗಿನ ಪತ್ರಗಳನ್ನು ಭಾರತೀಯ ಸ್ಟೇಟ್ ಬ್ಯಾಂಕಿನಿಂದ ಕೊಂಡು ಪಕ್ಷಕ್ಕೆ ಕೊಡಬಹುದಾಗಿತ್ತು. ಬ್ಯಾಂಕಿಗೆ ಕೊಂಡವರು ಗೊತ್ತು, ಮತದಾರನಿಗೆ ಮಾತ್ರ ಗೊತ್ತಿಲ್ಲ. ಕಂಪೆನಿಗಳ ದಾನವು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಏಳೂವರೆಯನ್ನು ಮೀರಬಾರದೆಂಬ ಕಟ್ಟನ್ನೂ 2017ರಲ್ಲಿಯೇ ತೆಗೆದುಹಾಕಿದ್ದರು. ಕನ್ನಡದ ಕಾಣಿಕೆ ಎಂಬ ಮಾತು ಕಾಣ್ ಧಾತುವಿನಿಂದ ಬಂದುದು. ಮುಖ ಕಂಡು, ಎದುರಿಗಿಟ್ಟು ಕೊಡುವಂಥದು. ಕಾಣದ ಕಾಣಿಕೆಯೆಂಬುದು ಪದಕ್ಕೇ ವಿರೋಧ. 2024ರ ಫೆಬ್ರವರಿ 15ರಂದು ಐವರು ನ್ಯಾಯಾಧೀಶರ ಪೀಠವು ಮತದಾರನಿಗೆ ತಿಳಿಯುವ ಹಕ್ಕುಂಟೆಂದು ಹೇಳಿ ಯೋಜನೆಯನ್ನು ರದ್ದುಪಡಿಸಿತು. ಮಾರ್ಚಿಯಲ್ಲಿ ಕೊಟ್ಟವರ ಮತ್ತು ಪಡೆದವರ ಪಟ್ಟಿಗಳು ಹೊರಬಂದವು. ಕೌಟಿಲ್ಯನ ರಾಜ್ಯದಲ್ಲಿ ಇಂಥ ಪಟ್ಟಿಯನ್ನು ಕೇಳುವ ಪ್ರಜೆಯ ಹೆಸರೇ ಇಲ್ಲ.

ಆದುದರಿಂದ ಮೀನಿನ ಶ್ಲೋಕವನ್ನು ಪಾಠಕ್ಕೆ ಆರಿಸುವವರು ಅದರ ಮುಂದಿನ ಶ್ಲೋಕಗಳನ್ನೂ ಐದನೆಯ ಅಧಿಕರಣದ ಈ ಭಾಗವನ್ನೂ ಜತೆಗೆ ಅಚ್ಚುಮಾಡಿಸಬೇಕೆಂದು ನನ್ನ ಸೂಚನೆ. ಅನುವಾದಕರಿಗೆ ಒಂದು ತೊಡಕು ಎದುರಾಗುವುದು. ಆಪತ್ಕಾಲದ ಈ ವಸೂಲಿಗೆ ಆಚಾರ್ಯನು ಇಟ್ಟ ಹೆಸರು ಪ್ರಣಯ, ಪ್ರೀತಿಯ ಬೇಡಿಕೆ. ದೇಣಿಗೆಯೆಂದರೆ ಅದು ತೀರ ಶುದ್ಧವಾಗಿಬಿಡುತ್ತದೆ. ಲಂಚವೆಂದರೆ ಬೇಡುವವನು ರಾಜನಾದುದರಿಂದ ಒಪ್ಪದು. ಕಂದಾಯವೆಂದರೆ ನೆಪದ ಅಂಶವು ಬಿಟ್ಟುಹೋಗುತ್ತದೆ. ಒಲುಮೆವಸೂಲಿ ಎಂದು ಸದ್ಯಕ್ಕೆ ಬಳಸುತ್ತಿದ್ದೇನೆ. ಇದಕ್ಕಿಂತ ಮೇಲಾದ ಮಾತು ಹೊಳೆದವರು ತಿಳಿಸಿದರೆ ಉಪಕಾರವಾದೀತು.