ಈಡಿಪಸನ ಕೈ

ಸೊಫೋಕ್ಲೀಸನ 'ದೊರೆ ಈಡಿಪಸ್' ಕ್ರಿ. ಪೂ. 5ನೆಯ ಶತಮಾನದ ನಾಟಕ. ಪಿ. ಲಂಕೇಶರು ಅದನ್ನು ಕನ್ನಡಕ್ಕೆ ತಂದರು; 1970ರ ದಶಕದ ಆರಂಭದಲ್ಲಿ ಬಿ. ವಿ. ಕಾರಂತರು ಬೆಂಗಳೂರಿನಲ್ಲಿ ಆಡಿಸಿದರು. ಅಂದಿನಿಂದ ಈಡಿಪಸ್ ನಮಗೆ ಹೊರಗಿನವನಲ್ಲ. ಆದರೆ ಈ ನಾಟಕದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಕೇಳಿಬರುವ ಉದ್ಗಾರ ಒಂದೇ: "ಹಣೆಯಲ್ಲಿ ಬರೆದದ್ದನ್ನು ಯಾರಿಂದ ತಪ್ಪಿಸಲಾದೀತು?" ಇದು ನಾಟಕಕ್ಕೆ ಮಾಡುವ ಅನ್ಯಾಯವೆಂದು ನಮ್ಮ ತಕರಾರು.

ಕಥೆ ಗೊತ್ತಿರುವುದೇ. ಹುಟ್ಟುವ ಮಗನಿಂದಲೇ ನಿನಗೆ ಸಾವು ಎಂಬ ದೈವವಾಣಿ ಕೇಳಿ, ಥೀಬ್ಸಿನ ದೊರೆ ಲೇಯಸ್ ಹಸುಗೂಸನ್ನು ಬೆಟ್ಟದಲ್ಲಿ ಬಿಟ್ಟುಬರಲು ಕಳುಹಿಸಿದ. ಕನಿಕರಪಟ್ಟ ಕುರುಬನೊಬ್ಬನ ದೆಸೆಯಿಂದ ಮಗು ಕಾರಿಂತಿನ ಅರಮನೆ ಸೇರಿತು. ದೊಡ್ಡವನಾದ ಮೇಲೆ, ಕುಡಿದವನೊಬ್ಬ "ನೀನು ಇವರ ಮಗನಲ್ಲ" ಎಂದು ಹಂಗಿಸಿದ. ಈಡಿಪಸ್ ಡೆಲ್ಫಿಗೆ ಹೋಗಿ ಕೇಳಿದ. ತಂದೆಯನ್ನು ಕೊಲ್ಲುವೆ, ತಾಯಿಯ ಕೈಹಿಡಿಯುವೆ ಎಂಬ ಉತ್ತರ ಬಂತು. ಹೆದರಿ ಕಾರಿಂತಿನತ್ತ ಮುಖ ಹಾಕದೆ ನಡೆದ. ಮೂರು ದಾರಿ ಕೂಡುವಲ್ಲಿ ಒಂದು ರಥ ಎದುರಾಯಿತು. ದಾರಿಗಾಗಿ ಜಗಳ, ಮುದುಕನಿಂದ ತಲೆಗೊಂದು ಏಟು, ಇವನಿಂದ ಕೊಲೆ.

ಇಲ್ಲಿ 'ಬರೆದದ್ದು' ಎಲ್ಲಿಯಾದರೂ ಒಬ್ಬಂಟಿಯಾಗಿ ಕೆಲಸ ಮಾಡಿತೇ? ತಂದೆಯ ಭಯ, ಕುರುಬನ ಕರುಣೆ, ಕುಡುಕನ ನಾಲಗೆ, ಈಡಿಪಸನ ಮುಂಗೋಪ ಇವುಗಳಲ್ಲಿ ಒಂದು ಕೊಂಡಿ ಕಳಚಿದ್ದರೂ ಸರಪಳಿ ಬೇರೆಯಾಗುತ್ತಿತ್ತು. ಏನು ಮಾಡಿದರೂ ಫಲ ಒಂದೇ ಎನ್ನುವುದು ವಿಧಿವಾದ. ನೀನು ಮಾಡಿದ್ದರಿಂದಲೇ ಈ ಫಲ, ನೀನು ಹಾಗೆ ಮಾಡಿದ್ದಕ್ಕೂ ಕಾರಣವುಂಟು ಎನ್ನುವುದು ಕಾರ್ಯಕಾರಣವಾದ. ಎರಡೂ ಒಂದೆಂದು ತಿಳಿಯುವುದರಿಂದಲೇ ಗೊಂದಲವೆಲ್ಲ.

ಗ್ರೀಕರಿಗೂ ಈ ಗೊಂದಲವಿತ್ತು. ವಾಸಿಯಾಗುವುದು ಬರೆದಿದ್ದರೆ ವೈದ್ಯರನ್ನು ಕರೆದರೂ ಒಂದೇ, ಬಿಟ್ಟರೂ ಒಂದೇ ಎಂಬ ವಾದವನ್ನು ಅವರು 'ಸೋಮಾರಿ ವಾದ' ಎಂದು ಕರೆದರು. ಕ್ರಿ. ಪೂ. 3ನೆಯ ಶತಮಾನದ ಕ್ರಿಸಿಪ್ಪಸ್ ಅದಕ್ಕೆ ಕೊಟ್ಟ ಉತ್ತರವನ್ನು ರೋಮಿನ ಸಿಸೆರೊ ಬರೆದಿಟ್ಟಿದ್ದಾನೆ. ವಾಸಿಯಾಗುವುದು ನಿಶ್ಚಯವಾಗಿದ್ದರೆ ವೈದ್ಯರನ್ನು ಕರೆಯುವುದೂ ಅದರ ಜೊತೆಯಲ್ಲೇ ನಿಶ್ಚಯವಾಗಿರುತ್ತದೆ. ಸಿಸೆರೊ ಅಲ್ಲಿ ಕೊಡುವ ಇನ್ನೊಂದು ಉದಾಹರಣೆ ಈ ಲೇಯಸನದೇ: ಅವನು ಹೆಂಡತಿಯನ್ನು ಕೂಡಿದರೂ ಬಿಟ್ಟರೂ ಈಡಿಪಸ್ ಹುಟ್ಟುತ್ತಾನೆ ಎನ್ನಲು ಬಾರದಷ್ಟೆ!

ವಿಜ್ಞಾನ ಓದಿದವರು ಇಲ್ಲಿ ಲಾಪ್ಲಾಸನನ್ನು ನೆನೆಯುತ್ತಾರೆ. ಈ ಕ್ಷಣದ ಪ್ರತಿ ಕಣದ ಸ್ಥಿತಿಯನ್ನೂ ಎಲ್ಲ ಬಲಗಳನ್ನೂ ಬಲ್ಲ ಬುದ್ಧಿಯೊಂದಿದ್ದರೆ ಅದಕ್ಕೆ ಭವಿಷ್ಯವೂ ಭೂತದಷ್ಟೇ ನಿಚ್ಚಳ ಎಂದು ಅವನು 1814ರಲ್ಲಿ ಬರೆದ. 1920ರ ದಶಕದ ಕ್ವಾಂಟಮ್ ಸಿದ್ಧಾಂತ ಆ ಭರವಸೆಯನ್ನು ಅಲುಗಿಸಿತು. ಅದರಿಂದ ಮನುಷ್ಯನಿಗೆ ಸ್ವಾತಂತ್ರ್ಯ ಸಿಕ್ಕಿತೆಂದು ಹಿಗ್ಗುವುದು ಮಾತ್ರ ನಮಗೆ ಒಪ್ಪಿಗೆಯಿಲ್ಲ. ಪಗಡೆಯ ದಾಳ ಬಿದ್ದಂತೆ ಕೈ ಆಡಿದರೆ ಅದೆಂಥ ಸ್ವಾತಂತ್ರ್ಯ? ನಾಟಕಕ್ಕೆ ಬೇಕಾದ ಸೂಕ್ಷ್ಮ ಬೇರೆ. ಲಾಪ್ಲಾಸನ ಬುದ್ಧಿ ಲೆಕ್ಕ ಹಾಕಿ ಸುಮ್ಮನಿರುತ್ತದೆ. ಡೆಲ್ಫಿಯ ವಾಣಿ ಬಾಯಿಬಿಟ್ಟು ಹೇಳುತ್ತದೆ, ಹೇಳಿದ್ದೇ ತಡ ಅದೂ ಒಂದು ಕಾರಣವಾಗಿಬಿಡುತ್ತದೆ. ಲೇಯಸನಿಗೆ ಆ ಮಾತು ಕೇಳಿಸದಿದ್ದರೆ ಮಗ ತಂದೆಯ ಗುರುತು ತಿಳಿದೇ ಬೆಳೆಯುತ್ತಿದ್ದ. ಜಾತಕ ಹಿಡಿದು ಮಕ್ಕಳ ಮುಂದೆಯೇ "ಇವನಿಗೆ ವಿದ್ಯೆ ಹತ್ತುವುದಿಲ್ಲ" ಎನ್ನುವ ಹಿರಿಯರು ಇದನ್ನಷ್ಟು ಯೋಚಿಸಲಿ.

ನಾಟಕದ ಜೀವ ಇರುವುದು ಕೊನೆಯಲ್ಲಿ. ಜೊಕಾಸ್ಟ ನೇಣು ಹಾಕಿಕೊಂಡಿದ್ದಾಳೆ. ಅವಳ ಉಡುಪಿನ ಪಿನ್ನುಗಳಿಂದಲೇ ಈಡಿಪಸ್ ಕಣ್ಣು ಚುಚ್ಚಿಕೊಂಡಿದ್ದಾನೆ. ಯಾವ ದೈವ ಹೀಗೆ ಮಾಡಿಸಿತೆಂದು ಮೇಳದವರು ಕೇಳಿದಾಗ, ಈ ಸಂಕಟಗಳನ್ನೆಲ್ಲ ತಂದವನು ಅಪೋಲೊ, ಆದರೆ ಚುಚ್ಚಿದ ಕೈ ಬೇರೆ ಯಾರದೂ ಅಲ್ಲ, ನನ್ನದೇ ಎನ್ನುತ್ತಾನೆ. ನೆನಪಿಡಬೇಕು, ಅವನು ಕುರುಡನಾಗುವನೆಂದು ಟೈರೀಸಿಯಸ್ ಮೊದಲೇ ಹೇಳಿದ್ದ. ಮೊದಲೇ ನುಡಿದಿದ್ದ ಕೃತ್ಯವನ್ನೂ ಅವನು ತನ್ನದೆಂದೇ ಒಪ್ಪಿಕೊಳ್ಳುತ್ತಾನೆ. ಸರಕಾರಿ ಕಡತ ಬಲ್ಲವರಿಗೆ ಇದು ಹೊಸದೇನಲ್ಲ. ಮೇಲಿನವರ ಆದೇಶ, ಹಿಂದಿನ ಟಿಪ್ಪಣಿ, ನಿಯಮದ ಕಲಮು ಎಲ್ಲವೂ ಅದರಲ್ಲಿರುತ್ತವೆ. ಆದರೂ ಕೆಳಗಿನ ಸಹಿ ಯಾರದೆಂದು ಕೇಳಿಯೇ ಕೇಳುತ್ತಾರೆ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಮಾತು ಚುಚ್ಚಬೇಕು. "ಅನ್ನದ ಋಣ ಇಲ್ಲಿತ್ತು" ಎನ್ನುತ್ತೇವೆ. ಮಳೆ ಕೈಕೊಟ್ಟಿತು, ಜಮೀನು ಪಾಲಾಯಿತು, ಅಲ್ಲಿ ಕೆಲಸವಿರಲಿಲ್ಲ, ಕಾರಣಗಳೆಲ್ಲ ನಿಜವೇ. ಆದರೆ ಅರ್ಜಿಗೆ ಸಹಿ ಹಾಕಿದ ಕೈ? ವಯಸ್ಸಾದ ತಾಯಿ ಊರಿನಲ್ಲಿ ಒಬ್ಬಳೇ ಇದ್ದಾಳೆಂದು ತಿಳಿದೂ ರಜೆಯನ್ನು ಮುಂದಿನ ವರ್ಷಕ್ಕೆ ತಳ್ಳಿದ ಕೈ? ಇಲ್ಲಿ ಋಣವನ್ನು ಎಳೆದು ತರುವಾಗ ನಾವು ಸೋಮಾರಿ ವಾದವನ್ನೇ ಹೂಡುತ್ತಿರುತ್ತೇವೆ.

ನಮ್ಮ ಪಂಪನ ಕರ್ಣ ಈ ವಿಷಯದಲ್ಲಿ ಈಡಿಪಸನಿಗಿಂತ ಒಂದು ಹೆಜ್ಜೆ ಮುಂದೆ. ತಾನು ಯಾರ ಮಗನೆಂದು ಯುದ್ಧಕ್ಕೆ ಮೊದಲೇ ತಿಳಿದೂ ದುರ್ಯೋಧನನನ್ನು ಬಿಡಲೊಲ್ಲ. ಈಡಿಪಸನಿಗೆ ಎಲ್ಲವೂ ಮುಗಿದ ಮೇಲೆ ತಿಳಿಯಿತು. ಈ ವ್ಯತ್ಯಾಸವನ್ನು ಹಗುರವಾಗಿ ಕಾಣುವಂತಿಲ್ಲ. ಸೊಫೋಕ್ಲೀಸನಿಗೂ ಅದು ಗೊತ್ತಿತ್ತು. ಅವನು ತೀರಿಕೊಂಡ ಮೇಲೆ, ಕ್ರಿ. ಪೂ. 401ರಲ್ಲಿ ರಂಗಕ್ಕೆ ಬಂದ 'ಕೊಲೋನಸಿನಲ್ಲಿ ಈಡಿಪಸ್' ನಾಟಕದ ಕುರುಡು ಮುದುಕ ಬೇರೆಯೇ ರಾಗ ತೆಗೆಯುತ್ತಾನೆ. ನಾನು ಅರಿಯದೆ ಮಾಡಿದೆ, ಮಾಡಿದ್ದಕ್ಕಿಂತ ಅನುಭವಿಸಿದ್ದೇ ಹೆಚ್ಚು ಎಂದು ವಾದಿಸುತ್ತಾನೆ. ದೇವತೆಗಳ ಇಚ್ಛೆಯೂ ಹಾಗಿತ್ತೆಂದು ಸೇರಿಸುತ್ತಾನೆ. ಅರಿಯದೆ ಮಾಡಿದೆ ಎಂಬ ವಾದಕ್ಕೆ ನಾವು ತಲೆಬಾಗುತ್ತೇವೆ. ದೇವತೆಗಳ ಮಾತು ಮಾತ್ರ ಸಪ್ಪೆಯೆನಿಸಿತು. ನಮ್ಮ ಹವ್ಯಾಸಿ ತಂಡಗಳು ಎರಡೂ ನಾಟಕಗಳನ್ನು ಒಂದರ ಹಿಂದೆ ಒಂದು ರಾತ್ರಿ ಆಡಿದರೆ, ಮುದುಕನ ವಾದ ಎಷ್ಟರಮಟ್ಟಿಗೆ ನಿಲ್ಲುತ್ತದೆಂದು ನೋಡುವವರೇ ತೂಗಬಹುದು.